ಪರೀಕ್ಷಿಸುವ ಮೀಟರೇ ಕಿಡಿಯಾಗದಿರಲಿ

ಬಣ್ಣ ತಯಾರಿಸುವ ಸಣ್ಣ ಘಟಕವೊಂದನ್ನು ಊಹಿಸಿಕೊಳ್ಳೋಣ. ಥಿನ್ನರ್ ಬೆರೆಸುವ ಕೊಠಡಿಗೆ ಮಾಲೀಕರು ಹೆಚ್ಚಿನ ಬೆಲೆ ತೆತ್ತು ಫ್ಲೇಮ್‌ಪ್ರೂಫ್ ಮೋಟಾರು, ದೀಪ ಮತ್ತು ಸ್ವಿಚ್ಚುಗಳನ್ನು ಅಳವಡಿಸಿದ್ದಾರೆ. ಒಂದು ದಿನ ಮೋಟಾರು ನಿಲ್ಲುತ್ತದೆ. ದುರಸ್ತಿಗೆ ಬಂದ ಎಲೆಕ್ಟ್ರಿಷಿಯನ್ ಟರ್ಮಿನಲ್ ಪೆಟ್ಟಿಗೆಯ ಮುಚ್ಚಳ ತೆರೆದು, ಚೀಲದಿಂದ ಸಾಮಾನ್ಯ ಮೆಗ್ಗರನ್ನು ಹೊರತೆಗೆಯುತ್ತಾರೆ. ಸುರಕ್ಷತೆಗಾಗಿ ಮಾಡಿದ ಅಷ್ಟೂ ವೆಚ್ಚ ಆ ಕ್ಷಣದಲ್ಲಿ ನಿಷ್ಫಲವಾಗುತ್ತದೆ. ಸ್ಥಿರವಾಗಿ ಅಳವಡಿಸಿದ ಉಪಕರಣಗಳ ಬಗ್ಗೆ ಎಚ್ಚರ ವಹಿಸುವ ಉದ್ದಿಮೆದಾರರು, ಕೈಯಲ್ಲಿ ಹಿಡಿದು ಒಳಗೆ ಒಯ್ಯುವ ಪರೀಕ್ಷಾ ಉಪಕರಣವನ್ನು ಮರೆಯುವುದೇ ಹೆಚ್ಚು.

ಹಳೆಯ ಪಾಠ

1913ರ ಅಕ್ಟೋಬರ್ 14ರಂದು ವೇಲ್ಸ್‌ನ ಸೆಂಘೆನಿತ್ ಕಲ್ಲಿದ್ದಲು ಗಣಿಯಲ್ಲಿ ಸಂಭವಿಸಿದ ಸ್ಫೋಟದಲ್ಲಿ 439 ಕಾರ್ಮಿಕರು ಮೃತಪಟ್ಟರು. ಸಂಕೇತ ನೀಡುವ ವಿದ್ಯುತ್ ಗಂಟೆಯ ಕಿಡಿಯೇ ಕಾರಣವಾಗಿರಬಹುದೆಂಬ ಸಂಶಯ ಮೂಡಿತು. ಬ್ಯಾಟರಿಯಿಂದ ನಡೆಯುವ ಅಲ್ಪ ವೋಲ್ಟೇಜಿನ ಗಂಟೆಯೂ ಅನಿಲವನ್ನು ಹೊತ್ತಿಸಬಲ್ಲುದೆಂಬ ಅರಿವಿನಿಂದ ನಡೆದ ಸಂಶೋಧನೆಯೇ ಮುಂದೆ ‘ಇಂಟ್ರಿನ್ಸಿಕ್ ಸೇಫ್ಟಿ’, ಅಂದರೆ ಅಂತರ್ಗತ ಸುರಕ್ಷತೆ ಎಂಬ ತತ್ತ್ವಕ್ಕೆ ತಳಹದಿಯಾಯಿತು. ನಮ್ಮ ದೇಶದಲ್ಲಿ 2009ರ ಅಕ್ಟೋಬರ್ 29ರಂದು ಜೈಪುರದ ಪೆಟ್ರೋಲಿಯಂ ಡಿಪೋದಲ್ಲಿ ಸಂಭವಿಸಿದ ಸ್ಫೋಟಕ್ಕೆ 11 ಮಂದಿ ಬಲಿಯಾದರು. ಕಿಡಿಯ ಸಂಭವನೀಯ ಮೂಲಗಳಲ್ಲಿ ಫ್ಲೇಮ್‌ಪ್ರೂಫ್ ಅಲ್ಲದ ವಿದ್ಯುತ್ ಉಪಕರಣವನ್ನೂ ತನಿಖಾ ಸಮಿತಿ ಹೆಸರಿಸಿತು.

ಕಿಡಿಯ ಲೆಕ್ಕ

ಪ್ರೊಪೇನ್ ಮತ್ತು ಗಾಳಿಯ ಮಿಶ್ರಣ ಹೊತ್ತಿಕೊಳ್ಳಲು ಸುಮಾರು 0.25 ಮಿಲಿಜೂಲ್ ಶಕ್ತಿ ಸಾಕು. ಹೈಡ್ರೋಜನ್‌ಗೆ ಸುಮಾರು 0.02 ಮಿಲಿಜೂಲ್. ಮೆಗ್ಗರ್ 500 ವೋಲ್ಟ್ ಒತ್ತಡದಲ್ಲಿ ಕೇಬಲನ್ನು ಪರೀಕ್ಷಿಸುವಾಗ, ಕೇಬಲು ತಾನೇ ವಿದ್ಯುತ್ತನ್ನು ತುಂಬಿಕೊಳ್ಳುತ್ತದೆ. ಅದರ ಧಾರಕತೆ 0.02 ಮೈಕ್ರೋಫ್ಯಾರಡ್ ಎಂದಿಟ್ಟುಕೊಂಡರೂ ಶೇಖರವಾಗುವ ಶಕ್ತಿ 2.5 ಮಿಲಿಜೂಲ್; ಪ್ರೊಪೇನ್ ಹೊತ್ತಿಸಲು ಬೇಕಾದುದರ ಹತ್ತು ಪಟ್ಟು. ತಂತಿ ತಗಲಿದಾಗಿನ ‘ಚಟ್’ ಎಂಬ ಸಣ್ಣ ಸದ್ದನ್ನು ಹಗುರವಾಗಿ ಕಾಣುವಂತಿಲ್ಲ.

ಎರಡು ಗುರುತು, ಎರಡು ಅರ್ಥ

ಒಳ್ಳೆಯ ಮಲ್ಟಿಮೀಟರಿನ ಮೇಲೆ ‘ಕ್ಯಾಟ್ 3’ ಅಥವಾ ‘ಕ್ಯಾಟ್ 4’ ಎಂದಿರುತ್ತದೆ. ಇದು ಐಇಸಿ 61010 ಮಾನಕ ಸರಣಿಗೆ ಸಂಬಂಧಿಸಿದ್ದು, ವಿದ್ಯುತ್ ಮಾರ್ಗದ ಹಠಾತ್ ಅತಿ ವೋಲ್ಟೇಜಿನಿಂದ ಮೀಟರು ಹಿಡಿದವರನ್ನು ರಕ್ಷಿಸುತ್ತದೆ. ಸುತ್ತಲಿನ ಆವಿಯನ್ನು ಹೊತ್ತಿಸುವುದಿಲ್ಲವೆಂಬ ಭರವಸೆ ಅದರಲ್ಲಿಲ್ಲ. ಆ ಭರವಸೆಗೆ ಐಎಸ್/ಐಇಸಿ 60079 ಸರಣಿಯ ‘ಇಎಕ್ಸ್’ ಗುರುತೇ ಬೇಕು. ಬೆಲೆ ಹೆಚ್ಚಿನ ಮೀಟರೆಂದ ಮಾತ್ರಕ್ಕೆ ಸ್ಫೋಟಕ ವಾತಾವರಣಕ್ಕೆ ಯೋಗ್ಯವೆಂದು ಭಾವಿಸುವುದು ಅಪಾಯಕಾರಿ.

‘ಇಎಕ್ಸ್ ಐಎ ಐಐಸಿ ಟಿ4’ ಎಂಬ ಗುರುತನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ‘ಐಎ’ ಎಂದರೆ ಎರಡು ದೋಷಗಳು ಒಟ್ಟಿಗೆ ಉಂಟಾದರೂ ಹೊತ್ತಿಸುವಷ್ಟು ಕಿಡಿ ಹುಟ್ಟದ ರಚನೆ. ‘ಐಐಸಿ’ ಎಂಬುದು ಹೈಡ್ರೋಜನ್, ಅಸಿಟಿಲೀನ್‌ನಂತಹ ಅತಿ ಸೂಕ್ಷ್ಮ ಅನಿಲಗಳ ಗುಂಪು. ‘ಟಿ4’ ಎಂದರೆ ಮೇಲ್ಮೈ ಉಷ್ಣತೆ 135 ಡಿಗ್ರಿ ಸೆಲ್ಸಿಯಸ್ ಮೀರದು. ಆವಿ ಸದಾ ಅಥವಾ ದೀರ್ಘಕಾಲ ಇರುವ ಸ್ಥಳ ವಲಯ 0. ಸಾಮಾನ್ಯ ಕೆಲಸದ ವೇಳೆ ಆಗಾಗ ಉಂಟಾಗಬಹುದಾದ ಸ್ಥಳ ವಲಯ 1. ಅಪರೂಪಕ್ಕೆ, ಅದೂ ಅಲ್ಪಕಾಲ ಉಂಟಾಗುವ ಸ್ಥಳ ವಲಯ 2. ದೂಳಿಗೆ 20, 21 ಮತ್ತು 22 ಎಂಬ ಪ್ರತ್ಯೇಕ ವಲಯಗಳಿವೆ. 2008ರ ಫೆಬ್ರವರಿ 7ರಂದು ಅಮೆರಿಕದ ಜಾರ್ಜಿಯಾದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಸಕ್ಕರೆಯ ದೂಳೇ ಸ್ಫೋಟಿಸಿ 14 ಮಂದಿ ಮೃತಪಟ್ಟುದನ್ನು ನಮ್ಮ ಸಕ್ಕರೆ ಮತ್ತು ಹಿಟ್ಟಿನ ಗಿರಣಿಗಳವರು ನೆನಪಿಡಬೇಕು. ಅನಿಲಕ್ಕೆಂದು ಪ್ರಮಾಣಿತವಾದ ಮೀಟರು ದೂಳಿಗೂ ಸಲ್ಲುತ್ತದೆಂದು ತಿಳಿಯಬಾರದು.

ಪೆಟ್ರೋಲಿಯಂ ನಿಯಮಗಳು, 2002ರ ವ್ಯಾಪ್ತಿಗೆ ಬರುವ ಅಪಾಯಕಾರಿ ಪ್ರದೇಶಗಳಲ್ಲಿ ಬಳಸುವ ವಿದ್ಯುತ್ ಉಪಕರಣಗಳಿಗೆ, ನಾಗಪುರದಲ್ಲಿ ಕೇಂದ್ರ ಕಚೇರಿಯುಳ್ಳ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ (ಪೆಸೊ) ಅನುಮೋದನೆ ಬೇಕು. ವಿದೇಶದ ಪ್ರಮಾಣಪತ್ರವಿದ್ದರೂ ಈ ಅನುಮೋದನೆ ಇದೆಯೇ ಎಂದು ಮಾರಾಟಗಾರರನ್ನು ಕೇಳುವುದು ಅಗತ್ಯ. ಪ್ರಮಾಣಪತ್ರದ ಸಂಖ್ಯೆಯ ಕೊನೆಯಲ್ಲಿ ‘ಎಕ್ಸ್’ ಅಕ್ಷರವಿದ್ದರೆ ಬಳಕೆಗೆ ವಿಶೇಷ ನಿಬಂಧನೆಗಳಿವೆ ಎಂದರ್ಥ. ಅವುಗಳನ್ನು ಓದದೆ ಹಣ ಪಾವತಿಸಬಾರದು.

ಎಲ್ಲರೂ ಕೊಳ್ಳಬೇಕೇ?

ಪ್ರತಿಯೊಂದು ಸಣ್ಣ ಘಟಕವೂ ದುಬಾರಿ ಉಪಕರಣವನ್ನು ಕೊಳ್ಳಬೇಕೆಂದೇನೂ ಇಲ್ಲ. ಮೋಟಾರನ್ನು ಕಳಚಿ ಸುರಕ್ಷಿತ ಸ್ಥಳಕ್ಕೆ ಒಯ್ದು ಪರೀಕ್ಷಿಸಬಹುದು. ಇಲ್ಲವೇ ಉತ್ಪಾದನೆ ನಿಲ್ಲಿಸಿ, ದ್ರಾವಕಗಳನ್ನು ಹೊರಸಾಗಿಸಿ, ಗಾಳಿಯಾಡಿಸಿ, ಪ್ರಮಾಣಿತ ಅನಿಲ ಪತ್ತೆ ಯಂತ್ರದಿಂದ ಆವಿ ಇಲ್ಲವೆಂದು ಖಚಿತಪಡಿಸಿಕೊಂಡು, ಜವಾಬ್ದಾರರ ಸಹಿಯುಳ್ಳ ಲಿಖಿತ ಪರವಾನಗಿಯೊಂದಿಗೆ ಸಾಮಾನ್ಯ ಮೀಟರನ್ನು ಬಳಸಬಹುದು. ಉತ್ಪಾದನೆ ಪದೇ ಪದೇ ನಿಲ್ಲುವುದರಿಂದಾಗುವ ನಷ್ಟವನ್ನೂ ಉಪಕರಣದ ಬೆಲೆಯನ್ನೂ ಅಕ್ಕಪಕ್ಕ ಬರೆದರೆ ಯಾವುದು ಲಾಭದಾಯಕವೆಂಬುದು ತಾನಾಗಿಯೇ ತಿಳಿಯುತ್ತದೆ.

ಕೊಂಡ ಮೇಲೂ ಹೊಣೆ ತೀರುವುದಿಲ್ಲ. ಬ್ಯಾಟರಿಯನ್ನು ಸುರಕ್ಷಿತ ಸ್ಥಳದಲ್ಲೇ ಬದಲಿಸಬೇಕು. ಪ್ರಮಾಣಪತ್ರದಲ್ಲಿ ಸೂಚಿಸಿದ ಮಾದರಿಯದನ್ನೇ ಹಾಕಬೇಕು. ಬೀದಿಬದಿಯ ಅಂಗಡಿಯಲ್ಲಿ ದುರಸ್ತಿಯಾದ ಇಎಕ್ಸ್ ಮೀಟರು ಹೆಸರಿಗಷ್ಟೇ ಇಎಕ್ಸ್. ಸುರಕ್ಷಿತ ಮೀಟರು ಕೈಯಲ್ಲಿದೆಯೆಂದು ಚಾಲ್ತಿಯಲ್ಲಿರುವ ಯಾವುದೇ ಸರ್ಕ್ಯೂಟಿಗೆ ತಗಲಿಸುವಂತೆಯೂ ಇಲ್ಲ. ಆ ಸರ್ಕ್ಯೂಟಿನ ಶಕ್ತಿಯನ್ನು ಮೀಟರು ತಗ್ಗಿಸಲಾರದು.

ಕೊನೆಯದಾಗಿ, ಖರೀದಿ ಆದೇಶದ ಒಂದು ಸಾಲು. ‘ಮಲ್ಟಿಮೀಟರ್ – 1’ ಎಂದಷ್ಟೇ ಬರೆದರೆ ಅತಿ ಕಡಿಮೆ ದರ ಸೂಚಿಸಿದವರಿಂದ ಸಾಮಾನ್ಯ ಮೀಟರೇ ಬರುತ್ತದೆ. ಅದಕ್ಕೆ ಮಾರಾಟಗಾರರನ್ನು ದೂರುವಂತಿಲ್ಲ. ವಲಯ, ಅನಿಲದ ಗುಂಪು, ಉಷ್ಣತಾ ವರ್ಗ, ಅನುಮೋದನೆಯ ಪ್ರತಿ ಇವಿಷ್ಟನ್ನೂ ಆದೇಶದಲ್ಲಿಯೇ ನಮೂದಿಸಿ, ಪ್ರಮಾಣಪತ್ರವನ್ನು ಬಿಲ್ಲಿನೊಂದಿಗೆ ಕಡತದಲ್ಲಿರಿಸಬೇಕು. ಹೊರಗುತ್ತಿಗೆಯ ಎಲೆಕ್ಟ್ರಿಷಿಯನ್ ತರುವ ಚೀಲಕ್ಕೂ ಇದೇ ನಿಯಮ ಅನ್ವಯಿಸಲಿ. ಅವಘಡದ ಬಳಿಕ ವಿಮಾ ಸರ್ವೇಯರ್ ಕೇಳಬಹುದಾದ ಪ್ರಶ್ನೆಯನ್ನು ಕೆಲಸ ಆರಂಭವಾಗುವ ಮೊದಲೇ ಮಾಲೀಕರು ಕೇಳಿಕೊಂಡರೆ, ಕೊಠಡಿಯೊಳಗೆ ಹೋದವರು ಸಂಜೆ ಕ್ಷೇಮವಾಗಿ ಮನೆ ಸೇರುತ್ತಾರೆ.