ದೀರ್ಘಕಾಲೀನ ಯಕೃತ್ತಿನ ವ್ಯಾಧಿ ಮತ್ತು ಜೀವನ ಗುಣಮಟ್ಟದ ಮಾಪನ: ಸೈದಾಪುರ ಪರಿಸರದ ಹಿನ್ನೆಲೆಯಲ್ಲಿ

ಹೆಪಟೈಟಿಸ್ ಬಿ ಮತ್ತು ಸಿ ವೈರಾಣುಗಳು, ಮದ್ಯಸೇವನೆ ಹಾಗೂ ಕೊಬ್ಬಿನ ಶೇಖರಣೆ ಯಕೃತ್ತಿನ ದೀರ್ಘಕಾಲೀನ ವ್ಯಾಧಿಗಳಿಗೆ ಪ್ರಮುಖ ಕಾರಣಗಳು. ವ್ಯಾಧಿಯು ಸಿರೋಸಿಸ್ ಹಂತವನ್ನು ತಲುಪಿದಾಗ ಅದರ ತೀವ್ರತೆಯನ್ನು ಅಳೆಯಲು 1973ರಲ್ಲಿ ಪರಿಷ್ಕೃತಗೊಂಡ ಚೈಲ್ಡ್-ಪ್ಯೂ ಅಂಕಪಟ್ಟಿಯು ಇಂದಿಗೂ ಬಳಕೆಯಲ್ಲಿದೆ. ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಅವಧಿ, ಜಲೋದರ ಮತ್ತು ಮಿದುಳಿನ ಮೇಲಾಗುವ ಪರಿಣಾಮ ಎಂಬ ಐದು ಅಂಶಗಳನ್ನು ಪರಿಗಣಿಸಿ ಅದು 5ರಿಂದ 15ರವರೆಗೆ ಅಂಕ ನೀಡುತ್ತದೆ. ಆದರೆ ಸಮಾನ ಅಂಕ ಪಡೆದ ಇಬ್ಬರಲ್ಲಿ ಒಬ್ಬರು ಹೊಲದ ಕೆಲಸಕ್ಕೆ ಹೋಗಬಲ್ಲವರಾಗಿರಬಹುದು, ಮತ್ತೊಬ್ಬರು ರಾತ್ರಿ ನಿದ್ರೆಯಿಲ್ಲದೆ ಹಗಲು ಹಾಸಿಗೆ ಹಿಡಿದವರಾಗಿರಬಹುದು. ಈ ಅಂತರವು ರಕ್ತಪರೀಕ್ಷೆಯಲ್ಲಿ ಗೋಚರಿಸುವುದಿಲ್ಲ. ಅದನ್ನು ರೋಗಿಯಿಂದಲೇ ಕೇಳಿ ತಿಳಿಯಬೇಕಾಗುತ್ತದೆ.

ಈ ಉದ್ದೇಶಕ್ಕಾಗಿ ಯೂನೊಸ್ಸಿ ಮತ್ತು ಸಂಗಡಿಗರು 1999ರಲ್ಲಿ ದೀರ್ಘಕಾಲೀನ ಯಕೃತ್ ವ್ಯಾಧಿ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಇದರಲ್ಲಿ 29 ಪ್ರಶ್ನೆಗಳಿವೆ. ಉದರದ ಲಕ್ಷಣಗಳು, ದಣಿವು, ದೈಹಿಕ ಲಕ್ಷಣಗಳು, ಚಟುವಟಿಕೆ, ಭಾವನೆ ಮತ್ತು ಚಿಂತೆ ಎಂಬ ಆರು ವಿಭಾಗಗಳಲ್ಲಿ ಅವು ಹಂಚಿಕೆಯಾಗಿವೆ. ಕಳೆದ ಎರಡು ವಾರಗಳ ಅನುಭವವನ್ನು ನೆನೆದು ರೋಗಿಯು 1ರಿಂದ 7ರವರೆಗಿನ ಉತ್ತರಗಳಲ್ಲಿ ಒಂದನ್ನು ಆಯ್ದುಕೊಳ್ಳಬೇಕು. ತೊಂದರೆ ಸದಾ ಇದ್ದರೆ 1, ಎಂದೂ ಇಲ್ಲದಿದ್ದರೆ 7. ಸರಾಸರಿ ಹೆಚ್ಚಿದಷ್ಟೂ ಜೀವನದ ಗುಣಮಟ್ಟ ಉತ್ತಮವೆಂದು ತಿಳಿಯಲಾಗುತ್ತದೆ.

ಇಂತಹ ಸಾಧನವನ್ನು ರಾಯಚೂರು-ಯಾದಗಿರಿ ರೈಲುಮಾರ್ಗದಲ್ಲಿರುವ ಸೈದಾಪುರದಂತಹ ಊರಿನಲ್ಲಿ ಬಳಸುವಾಗ ಮೊದಲು ಎದುರಾಗುವುದು ಅಕ್ಷರದ ಪ್ರಶ್ನೆ. 2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದ ಪ್ರಮಾಣ ಶೇ. 75.36. ರೋಗಿಯು ತಾನೇ ಓದಿ ಗುರುತು ಹಾಕುವ ಪದ್ಧತಿಯನ್ನೇ ನೆಚ್ಚಿದರೆ ಅಕ್ಷರ ಬಾರದವರು ಅಧ್ಯಯನದಿಂದ ಹೊರಗುಳಿಯುತ್ತಾರೆ. ಇನ್ನೊಬ್ಬರು ಓದಿ ಹೇಳಿದರೆ ಬೇರೊಂದು ತೊಡಕು ಹುಟ್ಟುತ್ತದೆ. ಮನೆಯವರ ಎದುರಿನಲ್ಲಿ ಭಯವನ್ನಾಗಲಿ ಖಿನ್ನತೆಯನ್ನಾಗಲಿ ಒಪ್ಪಿಕೊಳ್ಳಲು ರೋಗಿ ಹಿಂಜರಿಯಬಹುದು. ಆದುದರಿಂದ ಪ್ರಶ್ನಿಸುವವರಿಗೆ ತರಬೇತಿಯೂ ರೋಗಿಗೆ ಏಕಾಂತವೂ ಅಗತ್ಯ.

ಎರಡನೆಯದು ಭಾಷೆಯ ಪ್ರಶ್ನೆ. ಗ್ರಂಥದ ಕನ್ನಡದ ‘ಆಯಾಸ’, ‘ಕಾಮಾಲೆ’ಗಳಿಗೆ ಈ ಭಾಗದ ರೋಗಿಯ ಬಾಯಲ್ಲಿ ‘ಮೈಯಾಗ ತ್ರಾಣ ಇಲ್ಲ’, ‘ಕಾಮಣಿ’ ಎಂಬ ರೂಪಗಳಿವೆ. ಅನುವಾದ, ಮರು ಅನುವಾದ, ತಜ್ಞರ ಹೋಲಿಕೆ ಮತ್ತು ಕೆಲವು ರೋಗಿಗಳ ಮೇಲಿನ ಪ್ರಾಯೋಗಿಕ ಬಳಕೆ ಎಂಬ ಕ್ರಮವನ್ನು ಸಂಶೋಧಕರು ಅನುಸರಿಸುವುದು ಇದಕ್ಕಾಗಿಯೇ. ಭಾಷೆ ಸರಿಹೊಂದಿದರೂ ಸಂದರ್ಭ ಉಳಿದುಕೊಳ್ಳುತ್ತದೆ. ಭಾರ ಎತ್ತುವ ತೊಂದರೆಯನ್ನು ಕುರಿತ ಪ್ರಶ್ನೆಗೆ ಸುಗ್ಗಿಯಲ್ಲಿ ದೊರೆಯುವ ಉತ್ತರವೇ ಕೆಲಸವಿಲ್ಲದ ಬೇಸಿಗೆಯಲ್ಲಿ ದೊರೆಯದಿರಬಹುದು. ಕಸಿಗೆ ಯಕೃತ್ತು ಲಭಿಸುವುದೇ ಎಂಬ ಚಿಂತೆಯನ್ನು ಕೇಳುವ ಪ್ರಶ್ನೆಯೂ ಪಟ್ಟಿಯಲ್ಲಿದೆ. ಅಂಗಾಂಗ ಕಸಿಯ ವಿಷಯವನ್ನೇ ಕೇಳಿರದ ರೋಗಿ ಇದಕ್ಕೆ ‘ಎಂದೂ ಇಲ್ಲ’ ಎಂದರೆ ಪೂರ್ಣ 7 ಅಂಕ ದೊರೆಯುತ್ತದೆ. ಅಲ್ಲಿ ದಾಖಲಾಗುವುದು ನೆಮ್ಮದಿಯಲ್ಲ, ಮಾಹಿತಿಯ ಅಭಾವ.

ಈ ತೊಡಕುಗಳು ಪರಿಹಾರಕ್ಕೆ ಮೀರಿದವಲ್ಲ. ಯಕೃತ್ತಿನ ವ್ಯಾಧಿಯಿಂದ ಮಿದುಳಿನ ಮೇಲಾಗುವ ಸೂಕ್ಷ್ಮ ಪರಿಣಾಮವನ್ನು ಗುರುತಿಸಲು 1ರಿಂದ 25ರವರೆಗಿನ ಅಂಕೆಗಳನ್ನು ಗೆರೆಯಿಂದ ಕ್ರಮವಾಗಿ ಜೋಡಿಸುವ ಪರೀಕ್ಷೆಯೊಂದಿದೆ. ಅಂಕೆಗಳನ್ನು ಅರಿಯದವರಿಗೆ ಇದು ನಿಷ್ಪ್ರಯೋಜಕ. ವೈದ್ಯರಾದ ಧೀಮಾನ್ ಮತ್ತು ಸಂಗಡಿಗರು 1995ರಲ್ಲಿ ಅಂಕೆಗಳ ಬದಲು ಚಿತ್ರಗಳನ್ನು ಜೋಡಿಸುವ ಪರೀಕ್ಷೆಯನ್ನು ಪ್ರಕಟಿಸಿದರು. ರೋಗಿಯನ್ನು ಕೈಬಿಡದೆ ಸಾಧನವನ್ನು ಬದಲಿಸಿದ ಕ್ರಮವಿದು.

ಯಾದಗಿರಿಯ ಸೀಮೆಯಲ್ಲಿ ಜೀವನ ಗುಣಮಟ್ಟದ ಅಧ್ಯಯನಕ್ಕೂ ಇದೇ ಮಾರ್ಗ ಯುಕ್ತವಾದುದು. ಏಕೆಂದರೆ ಇಂತಹ ಅಂಕಗಳು ಚಿಕಿತ್ಸೆಯ ಫಲವನ್ನು ನಿರ್ಣಯಿಸಲು ಬಳಕೆಯಾಗುತ್ತವೆ. ರೋಗಿಗೆ ಅರ್ಥವಾಗದ ಪ್ರಶ್ನೆಯಿಂದ ಬಂದ ಹೆಚ್ಚಿನ ಅಂಕವು ಅವನ ಸಂಕಟವನ್ನು ಲೆಕ್ಕದಿಂದಲೇ ಅಳಿಸಿಬಿಡುತ್ತದೆ.