ದಾಲ್ಚಾ ಬಂದ ದಾರಿ

ಬಗಾರಾ ಖಾನಾ ಬಡಿಸಿದರೆ ಅದರ ಬೆನ್ನಿಗೇ ದಾಲ್ಚಾ ಬರಬೇಕು. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮುಸಲ್ಮಾನರ ಮದುವೆ ಮನೆಗಳಲ್ಲಿ ಇದಕ್ಕೆ ಎರಡು ಮಾತಿಲ್ಲ. ಅನ್ನ ಎಷ್ಟೇ ಘಮಘಮಿಸಲಿ, ಉಂಡು ಹೋದವರು ಆಡಿಕೊಳ್ಳುವುದು ದಾಲ್ಚಾದ ಬಗ್ಗೆಯೇ. ಹುಳಿ ಹದವಾಗಿತ್ತೇ? ಎಲುಬಿನ ರಸ ಬ್ಯಾಳಿಗೆ ಇಳಿದಿತ್ತೇ? ಸೋರೆಕಾಯಿ ಕರಗಿ ಹೋಗಿತ್ತೇ, ಇಲ್ಲಾ ಹೋಳು ಹೋಳಾಗಿ ಉಳಿದಿತ್ತೇ? ಮಾಂಸ, ಬೇಳೆ, ತರಕಾರಿ, ಹುಣಸೆ ಒಂದೇ ಹಂಡೆಯಲ್ಲಿ ಕುದಿಯುವ ಈ ಅಡುಗೆ ಹೆಸರಿನಲ್ಲಿ ಬೇಳೆಯನ್ನು ಮುಂದೆ ಮಾಡಿಕೊಂಡು ಮಾಂಸವನ್ನು ಬಚ್ಚಿಟ್ಟುಕೊಂಡಿದೆ.

ಇಂಥದ್ದೇ ಜಾತಿಯ ಅಡುಗೆ ಬಾಗ್ದಾದಿನ ಯಹೂದಿಗಳ ಮನೆಗಳಲ್ಲೂ ಇದೆ. ಬೆಂಡೆಕಾಯಿಯ ಜೊತೆ ಮಾಂಸ ಬೇಯಿಸಿ ನಿಂಬೆಹುಳಿ ಹಿಂಡುವ ಬಾಮಿಯಾ, ಬದನೆ ಮತ್ತು ಮಾಂಸವನ್ನು ಪದರ ಪದರವಾಗಿ ಜೋಡಿಸಿ ಹುಳಿ-ಸಿಹಿ ಮಾಡುವ ಇಂಗ್ರಿ, ಬೀಟ್‌ರೂಟಿನ ಕೆಂಪು ಸಾರಿನಲ್ಲಿ ಖೀಮಾ ತುಂಬಿದ ಉಂಡೆ ಬೇಯಿಸುವ ಕುಬ್ಬೆ. ಹಾಲನ್ನೂ ಮಾಂಸವನ್ನೂ ಕೂಡಿಸಬಾರದೆಂಬುದು ಯಹೂದಿ ಧರ್ಮದ ಕಟ್ಟಳೆ. ಹಾಗಾಗಿ ಮಾಂಸದ ಪಾತ್ರೆಗೆ ಮೊಸರು ಬೀಳುವಂತಿಲ್ಲ. ಹುಳಿ ಬೇಕೆಂದರೆ ನಿಂಬೆ, ಹುಣಸೆ, ಇಲ್ಲವೇ ಟೊಮೆಟೊ. ನಮ್ಮ ದಾಲ್ಚಾಕ್ಕೆ ಅಂಥ ಕಟ್ಟಳೆಯೇನೂ ಇಲ್ಲ. ಆದರೂ ಅದು ಮೊಸರಿನ ಕಡೆ ಮುಖ ಮಾಡಿಲ್ಲ. ಹಾಗಾದರೆ ಇವೆರಡಕ್ಕೂ ನೆಂಟಸ್ತಿಕೆ ಉಂಟೇ?

ಉಂಟು ಎಂದು ಥಟ್ಟನೆ ಹೇಳಿಬಿಡುವ ಆಸೆಯಾಗುತ್ತದೆ. ಆದರೆ ಮೊದಲು ಮನೆಯ ಪಕ್ಕದಲ್ಲೇ ಹುಡುಕಬೇಕು. ಆಳಂದದಿಂದ ಬಸವಕಲ್ಯಾಣ ದೂರವೇನಲ್ಲ. ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗ ಎಂಬ ಭಾಗವಿದೆ. ಸುಟ್ಟ ಮಾಂಸ, ಹುರಿದ ಮಾಂಸ, ಮೀನು ಎಲ್ಲವೂ ಅದರಲ್ಲಿವೆ. ಮಾಂಸದ ತುಂಡುಗಳನ್ನು ಕಾಳು, ತರಕಾರಿಗಳ ಜೊತೆ ಬೇಯಿಸುವ ಬಗೆಯೂ ಇದೆ. ಮಾಂಸ ಮತ್ತು ಕಾಳನ್ನು ಒಂದೇ ಪಾತ್ರೆಗೆ ಹಾಕುವುದನ್ನು ಹೊರಗಿನವರು ಬಂದು ನಮಗೆ ಕಲಿಸಬೇಕಾಗಿರಲಿಲ್ಲ ಎನ್ನಲು ಇಷ್ಟು ಸಾಕು.

ಅದೇ ಹೊತ್ತಿಗೆ ಬಾಗ್ದಾದಿನಲ್ಲೂ ಒಲೆ ಉರಿಯುತ್ತಿತ್ತು. 1226ರಲ್ಲಿ ಮುಹಮ್ಮದ್ ಬಿನ್ ಹಸನ್ ಅಲ್-ಬಾಗ್ದಾದಿ ಎಂಬಾತ ಒಂದು ಪಾಕಶಾಸ್ತ್ರ ಬರೆದ. ಅದರ ಆರಂಭದಲ್ಲೇ ಹುಳಿ ಅಡುಗೆಗಳು. ಮಾಂಸ, ಬದನೆ, ಗಜ್ಜರಿಗಳನ್ನು ವಿನಿಗರ್‌ನಲ್ಲಿ ಬೇಯಿಸುವ ಸಿಕ್ಬಾಜ್ ಅವುಗಳಲ್ಲಿ ಹೆಸರುವಾಸಿ. ಬದನೆ ಹಿಂದೂಸ್ತಾನದಿಂದ ಪರ್ಷಿಯಾ ದಾಟಿ ಅಲ್ಲಿಗೆ ಹೋದ ಕಾಯಿ ಎಂಬುದನ್ನು ಇಲ್ಲಿ ಮರೆಯಬಾರದು. ಹುಣಸೆಯೂ ನಮ್ಮ ಬಂದರುಗಳಿಂದಲೇ ಅರಬರ ಕೈ ಸೇರಿದ್ದು. ಬಾಗ್ದಾದಿನ ಪಾತ್ರೆಯಲ್ಲಿ ನಮ್ಮದೂ ಸ್ವಲ್ಪ ಸಾಲ ಇತ್ತು ಅನ್ನಿ. 1258ರಲ್ಲಿ ಮಂಗೋಲರು ಆ ಊರನ್ನು ಹಾಳುಗೆಡವಿದರು.

ಮುಂದಿನದು ಕಲಬುರಗಿಯ ಕಥೆ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಈ ಊರು ರಾಜಧಾನಿಯಾಯಿತು. 1397ರಲ್ಲಿ ಪಟ್ಟಕ್ಕೆ ಬಂದ ಫಿರೋಜ್ ಶಾ ಗೋವೆ ಮತ್ತು ಚೌಲ್ ಬಂದರುಗಳಿಂದ ಪ್ರತಿವರ್ಷ ಹಡಗು ಕಳಿಸಿ ದೂರದೇಶದ ಸರಕುಗಳನ್ನೂ ವಿದ್ವಾಂಸರನ್ನೂ ಕರೆಸಿಕೊಳ್ಳುತ್ತಿದ್ದನೆಂದು ಇತಿಹಾಸಕಾರ ಫಿರಿಷ್ತಾ ಬರೆಯುತ್ತಾನೆ. ಪರ್ಷಿಯಾ, ಇರಾಕ್ ಕಡೆಯವರು ಬಂದರು; ಅವರಿಗೂ ಇಲ್ಲೇ ಬೇರುಬಿಟ್ಟಿದ್ದ ದಖನಿಗಳಿಗೂ ತಲೆಮಾರುಗಟ್ಟಲೆ ಹೊಯ್ದಾಟ ನಡೆಯಿತು. ಸೂಫಿ ಸಂತ ಖಾಜಾ ಬಂದೇನವಾಜರು ದಿಲ್ಲಿ ಬಿಟ್ಟು ಕಲಬುರಗಿಗೆ ಬಂದು, 1422ರಲ್ಲಿ ಇಲ್ಲೇ ತೀರಿಕೊಂಡರು. ಆಳಂದದಲ್ಲಿ ಲಾಡ್ಲೆ ಮಶಾಯಕರ ದರ್ಗಾ ಎದ್ದಿತು.

ದಾಲ್ಚಾವನ್ನು ನವಾಬಿ ಅಡುಗೆ ಎಂದು ಕರೆಯುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅರಮನೆಯಲ್ಲಿ ಹುಟ್ಟಿದ ಅಡುಗೆ ಇಷ್ಟು ಲೆಕ್ಕಾಚಾರದ್ದಾಗಿರುವುದಿಲ್ಲ. ನಾಲ್ಕು ಜನಕ್ಕೆ ಸಾಲುವ ಮಾಂಸ ಬೇಳೆ, ಸೋರೆಕಾಯಿ ಸೇರಿದರೆ ಹತ್ತು ಜನಕ್ಕೆ ಸಾಲುತ್ತದೆ. ಹುಣಸೆಹುಳಿ ಬಿದ್ದರೆ ತುಸುವೇ ಸಾರಿನಲ್ಲಿ ಹೆಚ್ಚು ಅನ್ನ ಇಳಿಯುತ್ತದೆ. ಬಂದವರಿಗೆಲ್ಲ ಉಣ್ಣಿಸಬೇಕಾದ ದರ್ಗಾದ ಲಂಗರಿನಲ್ಲಿ, ದಂಡಿನ ಬಿಡಾರದಲ್ಲಿ, ಬಡವರ ಮದುವೆಯಲ್ಲಿ ಬೆಳೆದ ಅಡುಗೆಯ ಲಕ್ಷಣ ಇದು. ಹೊರಗಿನಿಂದ ಬಂದವರಿಗೆ ಹುಳಿ ಮಾಂಸದ ರುಚಿ ಗೊತ್ತಿತ್ತು, ಇಲ್ಲಿಯವರಿಗೆ ಬೇಳೆಯ ಹದ ಗೊತ್ತಿತ್ತು. ವಿನಿಗರ್ ಜಾಗಕ್ಕೆ ಹುಣಸೆ ಬಂದಿತು. ಮೆಣಸಿನಕಾಯಿ ಮಾತ್ರ ತಡ. ಪೋರ್ಚುಗೀಸರು ಅದನ್ನು ಅಮೆರಿಕದಿಂದ ತಂದು ಗೋವೆಯ ಸುತ್ತ ಹಬ್ಬಿಸುವವರೆಗೆ ಖಾರವೆಂದರೆ ಕರಿಮೆಣಸು, ಶುಂಠಿ. ಫಿರೋಜ್ ಶಾನ ಕಾಲದ ಹಂಡೆಯಲ್ಲಿ ಏನೇ ಕುದ್ದಿರಲಿ, ಇಂದಿನ ಕೆಂಪು ಒಗ್ಗರಣೆ ಅದಕ್ಕೆ ಬಿದ್ದಿರಲಿಲ್ಲ.

ಮನೆಯಲ್ಲಿ ಮಾಡುವುದು ಕಷ್ಟವೇನಲ್ಲ, ಅವಸರ ಇರಬಾರದು ಅಷ್ಟೇ. ಮೆತ್ತನೆಯ ತುಂಡಿಗಿಂತ ನಳ್ಳಿ, ಪಕ್ಕೆಲುಬು ಒಳ್ಳೆಯವು. ಎಲುಬಿನ ಸುತ್ತಲಿನ ನಾರು, ಚರ್ಮದ ಅಂಟು ನಿಧಾನಕ್ಕೆ ಕರಗಿ ಸಾರಿಗೆ ಮೈ ಕೊಡುತ್ತದೆ. ಉಳ್ಳಾಗಡ್ಡಿಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು, ಶುಂಠಿ-ಬೆಳ್ಳುಳ್ಳಿ ಅರೆದದ್ದು, ಅರಿಶಿನ, ಖಾರಪುಡಿ, ಉಪ್ಪು ಹಾಕಿ ಮಾಂಸದ ನೀರು ಆರುವವರೆಗೆ ಬಾಡಿಸಬೇಕು. ಆಮೇಲೆ ನೀರು ಸುರಿದು ಮುಕ್ಕಾಲು ಬೇಯಿಸಿ. ಬ್ಯಾಳಿ ಬೇರೆ ಪಾತ್ರೆಯಲ್ಲಿ ಬೆಂದು ಕಡೆಗೋಲಿಗೆ ನುಣ್ಣಗಾಗಲಿ. ಎರಡನ್ನೂ ಕೂಡಿಸಿ, ಎಳೆ ಸೋರೆಕಾಯಿಯನ್ನು ದೊಡ್ಡ ದೊಡ್ಡ ಹೋಳು ಮಾಡಿ ಬಿಡಿ. ಸಣ್ಣಗೆ ಹೆಚ್ಚಿದರೆ ಅದು ಕಾಣೆಯಾಗುತ್ತದೆ.

ಹುಣಸೆಹುಳಿ ಕೊನೆಗೇ. ಇದರಲ್ಲಿ ರಾಜಿ ಇಲ್ಲ. ಹುಳಿ ಬಿದ್ದ ನೀರಿನಲ್ಲಿ ಬೇಳೆ, ತರಕಾರಿಗಳ ಗೋಡೆ ಸಡಿಲವಾಗುವುದೇ ಇಲ್ಲ; ತಾಸುಗಟ್ಟಲೆ ಕುದಿಸಿದರೂ ಬ್ಯಾಳಿ ಬಿರುಸಾಗಿಯೇ ಉಳಿಯುತ್ತದೆ. ರಸಾಯನಶಾಸ್ತ್ರ ಓದದ ಅಜ್ಜಿಯರೂ ಇದನ್ನು ಪಾಲಿಸುತ್ತಾ ಬಂದಿದ್ದಾರೆ. ಹುಳಿ ಹಿಂಡಿದ ಮೇಲೆ ಸಣ್ಣ ಉರಿಯಲ್ಲಿ ಕುದಿ ಬಂದರೆ ಸಾಕು. ಮೇಲೆ ಜೀರಿಗೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ, ಒಂದು ಹಿಡಿ ಕೊತ್ತಂಬರಿ, ಪುದೀನ. ಸೋರೆಕಾಯಿ ಸಿಗದ ದಿನ ಬದನೆ ನಡೆಯುತ್ತದೆ. ಇನ್ನು ಪುಂಡಿ ಸೊಪ್ಪು ಹಾಕಿ ಮಾಂಸ ಮಾಡುವ ಮನೆಗಳಲ್ಲಿ ಹುಣಸೆಯ ಗೊಡವೆಯೇ ಬೇಡ, ಸೊಪ್ಪೇ ಹುಳಿ. ಆದರೆ ಅದು ದಾಲ್ಚಾದ ದಾಯಾದಿ, ದಾಲ್ಚಾ ಅಲ್ಲ.

ಬಾಗ್ದಾದಿನ ಯಹೂದಿಗಳು ಈ ಸೀಮೆಗೆ ಬಂದು ನೆಲೆಸಲಿಲ್ಲ, ಹತ್ತಿರಕ್ಕಂತೂ ಬಂದರು. ಬಾಗ್ದಾದನ್ನು ಆಳುತ್ತಿದ್ದ ದಾವೂದ್ ಪಾಷಾನ ಕಿರುಕುಳ ತಾಳಲಾರದೆ ಊರು ಬಿಟ್ಟ ಡೇವಿಡ್ ಸಸೂನ್ 1830ರ ದಶಕದಲ್ಲಿ ಮುಂಬೈಗೆ ಬಂದು ಹತ್ತಿ, ಅಫೀಮಿನ ವ್ಯಾಪಾರದಲ್ಲಿ ದೊಡ್ಡ ಕುಳವಾದ. ಪುಣೆಯಲ್ಲಿ ಆತ ಕಟ್ಟಿಸಿದ ಕೆಂಪಿಟ್ಟಿಗೆಯ ಸಿನಗಾಗ್ ‘ಲಾಲ್ ದೇವಳ’ ಇಂದಿಗೂ ನಿಂತಿದೆ. ಪುಣೆಯಿಂದ ಸೊಲ್ಲಾಪುರ, ಗಾಣಗಾಪುರ ರೋಡ್, ಕಲಬುರಗಿ ದಾಟಿ ರಾಯಚೂರಿಗೆ ರೈಲು ಓಡತೊಡಗಿದ್ದು 1871ರಲ್ಲಿ. ಒಂದೇ ಹಳಿಯ ಎರಡು ತುದಿಗಳಲ್ಲಿ ಎರಡು ಹುಳಿ ಮಾಂಸ ಕುದಿಯುತ್ತಿದ್ದವು. ಒಂದನ್ನೊಂದು ನೋಡಿದ್ದವು ಎಂದು ನಾನು ವಾದಿಸುವುದಿಲ್ಲ. ಮಾಂಸ ತುಟ್ಟಿ, ತರಕಾರಿ ಅಗ್ಗ, ಉಣ್ಣುವವರು ಬಹಳ ಎಂಬ ಸ್ಥಿತಿ ಎರಡೂ ಕಡೆ ಒಂದೇ ತೆರನಾಗಿತ್ತು; ಹೋಲಿಕೆಗೆ ಅದೇ ದೊಡ್ಡ ಕಾರಣವೆಂದು ತೋರುತ್ತದೆ. 1950-51ರಲ್ಲಿ ಇರಾಕಿನಿಂದ ಸುಮಾರು 1,20,000 ಯಹೂದಿಗಳು ವಿಮಾನದಲ್ಲಿ ಇಸ್ರೇಲಿಗೆ ಹೋದಾಗ ಆಸ್ತಿ ಅಲ್ಲೇ ಉಳಿಯಿತು, ಬಾಮಿಯಾ, ಕುಬ್ಬೆ ಜೊತೆಗೆ ಹೋದವು.

ದಾಲ್ಚಾ ಮಾತ್ರ ಎಲ್ಲಿಗೂ ಹೋಗಬೇಕಾಗಲಿಲ್ಲ. 1948ರವರೆಗೆ ನಿಜಾಮರ ಕೈಯಲ್ಲಿದ್ದ ಕಲಬುರಗಿ 1956ರಲ್ಲಿ ಮೈಸೂರು ರಾಜ್ಯ ಸೇರಿತು. ಹೈದರಾಬಾದಿನ ಅಡುಗೆಯೊಂದಿಗಿನ ಜಗಳ ಮಾತ್ರ ಮುಗಿದಿಲ್ಲ. ಅಲ್ಲಿ ದಾಲ್ಚಾಕ್ಕೆ ಹೆಚ್ಚಾಗಿ ಕಡಲೆಬೇಳೆ. ಕಾಳು ಹಲ್ಲಿಗೆ ಸಿಗಬೇಕು ಎಂಬುದು ಅವರ ವಾದ. ಇಲ್ಲಿ ಕರಿಮಣ್ಣಿನ ಹೊಲದಲ್ಲಿ ಮುಂಗಾರಿಗೆ ಬಿತ್ತಿ, ಡಿಸೆಂಬರ್-ಜನವರಿಗೆ ರಾಶಿ ಮಾಡುವ ತೊಗರಿ ಇದೆ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಸೂಚ್ಯಂಕವೂ ಸಿಕ್ಕಿತು. ಎರಡೂ ಬೇಳೆ ಅರ್ಧರ್ಧ ಹಾಕಿ ಜಗಳ ಬಿಡಿಸುವ ಮನೆಗಳೂ ಇವೆ. ನನ್ನ ಓಟು ತೊಗರಿಗೆ, ಅದರಲ್ಲೂ ಮರುದಿನದ ದಾಲ್ಚಾಕ್ಕೆ: ರಾತ್ರಿಯಿಡೀ ಕೂತು ಗಟ್ಟಿಯಾದದ್ದನ್ನು ಬಿಸಿ ಮಾಡಿ, ಅನ್ನ ಬಿಟ್ಟು ಜ್ವಾಳದ ರೊಟ್ಟಿ ಜೊತೆ ತಿನ್ನಬೇಕು. ಹೈದರಾಬಾದಿನವರಿಗೆ ಇದನ್ನು ಹೇಳಿ ನೋಡಿ, ಹೌಹಾರುತ್ತಾರೆ.