ಬೇಲ್ ಸಿಕ್ಕರೆ ಕೇಸು ಮುಗೀತಾ?

"ಬೇಲ್ ಸಿಕ್ತಂತೆ, ಕೇಸಿಂದ ಬಚಾವಾದ ಬಿಡಿ." ಟಿವಿ ಮುಂದೆ ಕೂತು ಆಡೋ ಮಾತಿದು. ನೋಡಿ, ಬೇಲ್ ಬೇರೆ, ಅಕ್ವಿಟಲ್ ಬೇರೆ. ಬೇಲ್ ಅಂದರೆ ಜಾಮೀನು. ಷರತ್ತಿನ ಮೇಲೆ ಹೊರಗೆ ಬಿಡೋದು, ಅಷ್ಟೆ. ಕೇಸು ಹಾಗೇ ಇರುತ್ತೆ. ಅಕ್ವಿಟಲ್ ಅಂದರೆ ವಿಚಾರಣೆ ನಡೆದು, ಆರೋಪ ಸಾಬೀತಾಗದೆ ಖುಲಾಸೆಯಾಗೋದು.

ಹಾಗೇ ಅಕ್ಯೂಸ್ಡ್ ಅಂದರೆ ಆರೋಪಿ; ಕನ್ವಿಕ್ಟ್ ಅಂದರೆ ತಪ್ಪಿತಸ್ಥ ಅಂತ ಕೋರ್ಟೇ ತೀರ್ಪು ಕೊಟ್ಟ ಅಪರಾಧಿ. ಅರೆಸ್ಟ್ ಆದ ದಿನವೇ ಒಬ್ಬನನ್ನು ಕನ್ವಿಕ್ಟ್ ಅಂದುಬಿಟ್ಟರೆ, ಜಡ್ಜ್ ಕೊಡಬೇಕಾದ ತೀರ್ಪನ್ನು ನಾವೇ ಕೊಟ್ಟ ಹಾಗೆ. ಮುಂದೆ ಖುಲಾಸೆಯಾದರೂ ಊರವರ ಬಾಯಲ್ಲಿ ಆತ ಅಪರಾಧಿಯೇ. ಅವನ ಮಕ್ಕಳಿಗೆ ಕೆಲಸ ಕೊಡೋರೂ ಹಿಂದೆಮುಂದೆ ನೋಡ್ತಾರೆ.

ಇಂಗ್ಲಿಷ್ ಪದದಲ್ಲಿ ಅನುಮಾನ ಬಂದರೆ ನಮ್ಮ 'ಆರೋಪಿ' ಇದೆಯಲ್ಲ, ಅದೇ ಸಾಕು.